ಹೆಚ್ಚಿಗೆ ಬಂದ ಸರದಿ

ಮನುಷ್ಯನ ಧರ್ಮಬುದ್ಧಿಯು ಒರೆಗಲ್ಲಿಗೆ ಬರುವ ಸಂದರ್ಭಗಳು ಎರಡು ಬಗೆ. ತನಗೆ ಸಲ್ಲಬೇಕಾದುದು ಅನ್ಯರ ತಪ್ಪಿನಿಂದ ಕೈಬಿಟ್ಟುಹೋಗುವುದು ಒಂದು. ತನಗೆ ಸಲ್ಲದುದು ಅನ್ಯರ ತಪ್ಪಿನಿಂದ ಕೈಸೇರುವುದು ಮತ್ತೊಂದು. ಮೊದಲನೆಯ ಎಡೆಯಲ್ಲಿ ಕ್ರೋಧವು ವೈರಿ, ಎರಡನೆಯ ಎಡೆಯಲ್ಲಿ ಲೋಭವು ವೈರಿ. ಕ್ರೋಧವು ಗದ್ದಲವೆಬ್ಬಿಸಿಕೊಂಡು ಬರುವುದರಿಂದ ಅದನ್ನು ಗುರುತಿಸುವುದು ಸುಲಭ. ಲೋಭವಾದರೋ ನ್ಯಾಯದ ವೇಷವನ್ನು ತೊಟ್ಟು ಮೆಲ್ಲಮೆಲ್ಲನೆ ಬರುತ್ತದೆ. "ನೀನು ಕದ್ದೆಯಾ? ಇಲ್ಲ. ಬೇಡಿದೆಯಾ? ಅದೂ ಇಲ್ಲ. ತಾನಾಗಿ ಬಂದುದನ್ನು ಬಿಡುವುದೇಕೆ?" ಎಂದು ಅದು ಕಿವಿಯಲ್ಲಿ ನುಡಿಯುತ್ತದೆ. ಈ ಮೆಲುನುಡಿಗೆ ಸೋಲದವರು ವಿರಳ.

ಶರಣರ ಚರಿತ್ರೆಯಲ್ಲಿ ಈ ವಿಷಯವನ್ನು ಬೋಧಿಸುವ ಪ್ರಸಂಗವೊಂದು ಸರ್ವವಿದಿತವಾಗಿದೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಾಯಕವು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಸುವುದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಅದನ್ನು ಕಂಡ ಲಕ್ಕಮ್ಮನವರು ಹರ್ಷಗೊಳ್ಳಲಿಲ್ಲ. ನಿತ್ಯದ ಅಳತೆಯನ್ನು ಮೀರಿದುದು ಕಾಯಕದಿಂದ ಬಂದುದಲ್ಲ, ಆಸೆಯಿಂದ ಬಂದುದು. ಆದುದರಿಂದ ಅದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಚೆಲ್ಲಿ ಬನ್ನಿರೆಂದು ಪತಿಗೆ ತಿಳಿಯಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಾರಯ್ಯನವರು ಕಳವು ಮಾಡಿದವರಲ್ಲ. ಅಕ್ಕಿಯು ನೆಲದ ಮೇಲೆ ಬಿದ್ದಿತ್ತು. ಆಯುವುದು ಅವರ ವೃತ್ತಿ. ಯಾವ ಕಾವಲುಗಾರನೂ ತಡೆಯಲಿಲ್ಲ. ಲೋಕದ ಕಟ್ಟಳೆಯಂತೆ ನೋಡಿದರೆ ಅವರಲ್ಲಿ ದೋಷವಿಲ್ಲ. ಆದರೆ ಲಕ್ಕಮ್ಮನವರ ಕೈಯಲ್ಲಿದ್ದ ಕೊಳಗವು ಲೋಕದ ಕೊಳಗಕ್ಕಿಂತ ಸೂಕ್ಷ್ಮವಾದುದು. ಲೋಕವು "ತಪ್ಪು ಯಾರದು?" ಎಂದು ಕೇಳಿ ಅಲ್ಲಿಗೆ ನಿಲ್ಲುತ್ತದೆ. ಶರಣಧರ್ಮವು ಇನ್ನೊಂದು ಹೆಜ್ಜೆ ಮುಂದೆ ಹೋಗಿ "ಇದು ನಿನ್ನದೆ?" ಎಂದು ಕೇಳುತ್ತದೆ.

ಈ ಪ್ರಶ್ನೆಯು ದಾಸೋಹದ ಮನೆಯಲ್ಲಿ ಮಾತ್ರ ಹುಟ್ಟುವುದೆಂದು ತಿಳಿಯಬಾರದು. ಅಂಗಡಿಯಲ್ಲಿ, ಕಚೇರಿಯಲ್ಲಿ, ಆಟದ ಬಯಲಿನಲ್ಲಿ ಸಹ ಅದು ಹುಟ್ಟುವುದು. ಆಟವೆಂಬುದು ಕೇವಲ ಕಾಲಹರಣ, ಅಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಸಹಸ್ರಾರು ಜನರ ಕಣ್ಣೆದುರಿನಲ್ಲಿ, ಗೆಲವಿನ ಆಸೆಯು ತುತ್ತತುದಿಗೆ ಏರಿದ ಗಳಿಗೆಯಲ್ಲಿ, ತರುಣನ ಮನಸ್ಸು ಯಾವ ಕಡೆಗೆ ವಾಲುವುದೆಂಬುದು ಆಟದ ಬಯಲಿನಲ್ಲಿ ಕಾಣುವಷ್ಟು ನಿಚ್ಚಳವಾಗಿ ಪಾಠಶಾಲೆಯಲ್ಲಿಯೂ ಕಾಣದು. ಇದಕ್ಕೆ ನಿದರ್ಶನವಾಗಿ ಅಮೆರಿಕ ದೇಶದ ಕಾಲೇಜುಗಳಲ್ಲಿ ನಡೆದ ಎರಡು ಪಂದ್ಯಗಳನ್ನು ವಿಚಾರಿಸಬಹುದು. ಎರಡರಲ್ಲಿಯೂ ತೀರ್ಪುಗಾರರು ಮಾಡಿದ ತಪ್ಪು ಒಂದೇ; ಗೆದ್ದವರು ನಡೆದುಕೊಂಡ ರೀತಿ ಮಾತ್ರ ಬೇರೆ ಬೇರೆ.

ಆ ದೇಶದವರು ಫುಟ್‌ಬಾಲ್ ಎಂದು ಕರೆಯುವ ಆಟವು ಈ ನಾಡಿನವರು ಬಲ್ಲ ಕಾಲ್ಚೆಂಡಿನಂತಲ್ಲ. ಮೊಟ್ಟೆಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಎದುರಾಳಿಗಳು ಮೈಮೇಲೆ ಬಿದ್ದು ತಡೆಯುವುದು ಅದರ ಕ್ರಮ. ಬಯಲಿನ ಉದ್ದ ನೂರು ಗಜ. ಚೆಂಡನ್ನು ಹೊಂದಿದ ಪಕ್ಷಕ್ಕೆ ನಾಲ್ಕು ಸರದಿಗಳುಂಟು. ಇವನ್ನು ಅಲ್ಲಿನವರು 'ಡೌನ್' ಎನ್ನುತ್ತಾರೆ. ನಾಲ್ಕು ಸರದಿಗಳೊಳಗೆ ಹತ್ತು ಗಜ ಮುಂದುವರಿದರೆ ಹೊಸದಾಗಿ ನಾಲ್ಕು ಸರದಿಗಳು ದೊರೆಯುವುವು. ಇಲ್ಲವಾದರೆ ಚೆಂಡು ಎದುರುಪಕ್ಷಕ್ಕೆ ಸೇರುವುದು. ಗಡಿರೇಖೆಯ ಸಮೀಪಕ್ಕೆ ಬಂದಾಗ ಹತ್ತು ಗಜದಷ್ಟು ನೆಲವೇ ಉಳಿದಿರುವುದಿಲ್ಲವಾಗಿ, ನಾಲ್ಕು ಸರದಿಗಳಲ್ಲಿ ಗಡಿಯನ್ನು ದಾಟಲೇಬೇಕು. ಇಂತಿರುವಲ್ಲಿ ಸರದಿಗಳ ಎಣಿಕೆಯೇ ಆ ಆಟದ ಜೀವಾಳ. ಎಣಿಸುವ ಭಾರವು ತೀರ್ಪುಗಾರರದು.

1940ನೆಯ ಇಸವಿ ನವೆಂಬರ್ 16ರಂದು ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಹ್ಯಾನೋವರ್ ಊರಿನಲ್ಲಿ ಡಾರ್ಟ್‌ಮತ್ ಕಾಲೇಜಿಗೂ ಕಾರ್ನೆಲ್ ವಿಶ್ವವಿದ್ಯಾಲಯಕ್ಕೂ ಪಂದ್ಯವಾಯಿತು. ಕಾರ್ನೆಲ್ ಪಕ್ಷವು ಅದಕ್ಕೆ ಮೊದಲು 18 ಪಂದ್ಯಗಳಲ್ಲಿ ಸೋಲನ್ನು ಕಂಡಿರಲಿಲ್ಲ. ಇಡೀ ದೇಶದಲ್ಲಿಯೇ ಅಗ್ರಗಣ್ಯವಾದ ಪಕ್ಷಗಳಲ್ಲಿ ಒಂದೆಂದು ಎಣಿಸಲ್ಪಟ್ಟಿತ್ತು. ಡಾರ್ಟ್‌ಮತ್ ಅಷ್ಟು ಪ್ರಬಲವಾದ ಪಕ್ಷವಲ್ಲ. ಆದರೂ ಅಂದು ಡಾರ್ಟ್‌ಮತ್ ತರುಣರು ಎದೆಗೊಟ್ಟು ಹೋರಾಡಿ, ಕೊನೆಯ ಪಾದದಲ್ಲಿ ಬಾಬ್ ಕ್ರೀಗರ್ ಎಂಬಾತನು ಕಂಬಗಳ ನಡುವೆ ಒದ್ದ ಚೆಂಡಿನಿಂದ ಮೂರು ಅಂಕಗಳನ್ನು ಗಳಿಸಿದರು. ಕಾರ್ನೆಲ್ ಪಕ್ಷದ್ದು ಸೊನ್ನೆ.

ಆಟವು ಮುಗಿಯಲು ಒಂದು ನಿಮಿಷಕ್ಕಿಂತಲೂ ಕಡಿಮೆ ಕಾಲವಿರುವಾಗ ಕಾರ್ನೆಲ್ ತರುಣರು ಡಾರ್ಟ್‌ಮತ್ ಗಡಿಯ ಬಾಗಿಲಿಗೆ ಬಂದು ನಿಂತರು. ಮೂರು ಸರದಿಗಳಲ್ಲಿ ಚೆಂಡನ್ನು ಹಿಡಿದು ನುಗ್ಗಿದರು. ಗಡಿಯು ಕೈಯಳತೆಯಲ್ಲಿ ಉಳಿಯಿತೇ ಹೊರತು ದಾಟಲಾಗಲಿಲ್ಲ. ಅನಂತರ ಕಾಲವಿಳಂಬದ ದೋಷಕ್ಕಾಗಿ ಐದು ಗಜ ಹಿಂದೆ ಸರಿಯಬೇಕಾಯಿತು. ನಾಲ್ಕನೆಯ ಸರದಿಯಲ್ಲಿ ಎಸೆದ ಚೆಂಡು ಯಾರ ಕೈಗೂ ಸಿಕ್ಕದೆ ನೆಲಕ್ಕೆ ಬಿದ್ದಿತು. ನ್ಯಾಯವಾಗಿ ಅಲ್ಲಿಗೆ ಚೆಂಡು ಡಾರ್ಟ್‌ಮತ್ ಪಾಲಾಗಬೇಕು. ಪಂದ್ಯವೂ ಅವರ ಪಾಲಾಗಬೇಕು. ಆದರೆ ಪ್ರಧಾನ ತೀರ್ಪುಗಾರನಾದ ರೆಡ್ ಫ್ರೀಸೆಲ್ ಎಣಿಕೆಯಲ್ಲಿ ತಪ್ಪಿ, ಕಾರ್ನೆಲ್ ಪಕ್ಷಕ್ಕೆ ಇನ್ನೂ ಒಂದು ಸರದಿಯುಂಟೆಂದು ಚೆಂಡನ್ನು ಅವರಿಗೇ ಕೊಟ್ಟನು. ಗಡಿಯಾರದಲ್ಲಿ ಕೆಲವೇ ಕ್ಷಣಗಳು ಉಳಿದಿದ್ದವು. ಆ ಐದನೆಯ ಸರದಿಯಲ್ಲಿ ವಾಲ್ಟರ್ ಶೋಲ್ ಎಸೆದ ಚೆಂಡನ್ನು ವಿಲಿಯಂ ಮರ್ಫಿ ಗಡಿಯೊಳಗೆ ಹಿಡಿದನು. ಹೆಚ್ಚಿನ ಒದೆತದ ಒಂದಂಕವೂ ಸೇರಿ ಕಾರ್ನೆಲ್‌ಗೆ 7, ಡಾರ್ಟ್‌ಮತ್‌ಗೆ 3 ಎಂದು ಫಲಿತಾಂಶವಾಯಿತು.

ಪಂದ್ಯವು ಮುಗಿದ ಮೇಲೆ ಸರದಿಗಳ ಎಣಿಕೆಯ ವಿಷಯದಲ್ಲಿ ಸಂದೇಹವೆದ್ದಿತು. ಪಂದ್ಯದ ಚಲನಚಿತ್ರವನ್ನು ಕಾರ್ನೆಲ್‌ನ ಅಧಿಕಾರಿಗಳು ತರಿಸಿ ನೋಡಿದರು. ಒಂದು, ಎರಡು, ಮೂರು, ನಾಲ್ಕು, ಐದು! ತಮ್ಮ ಗೆಲವು ಐದನೆಯ ಸರದಿಯಲ್ಲಿ ಬಂದುದೆಂಬುದು ಅವರ ಕಣ್ಣಿಗೇ ಸ್ಪಷ್ಟವಾಯಿತು. ಇತ್ತ ಫ್ರೀಸೆಲ್ ಸಹ ತನ್ನಿಂದ ಪ್ರಮಾದವಾಯಿತೆಂದು ಬಹಿರಂಗವಾಗಿ ಒಪ್ಪಿಕೊಂಡನು. ಆದರೆ ಪಂದ್ಯವು ಮುಗಿದೊಡನೆ ತೀರ್ಪುಗಾರನ ಅಧಿಕಾರವೂ ಮುಗಿಯುವುದು. ಫಲಿತಾಂಶವನ್ನು ತಿದ್ದುವ ಶಕ್ತಿಯು ಅವನಿಗಾಗಲಿ ಅವನ ಮೇಲಿನವರಿಗಾಗಲಿ ಇರಲಿಲ್ಲ. ನಿಯಮದ ಪುಸ್ತಕವು ಕಾರ್ನೆಲ್ ಪಕ್ಷವೇ ಗೆದ್ದಿತೆಂದು ಹೇಳುತ್ತಿತ್ತು. ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಬಲ್ಲವರು ಯಾರೂ ಇರಲಿಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಎಡ್ಮಂಡ್ ಎಜ್ರಾ ಡೇ, ಕ್ರೀಡಾವಿಭಾಗದ ಮುಖ್ಯಸ್ಥರಾದ ಜೇಮ್ಸ್ ಲೈನಾ, ತರಬೇತುದಾರರಾದ ಕಾರ್ಲ್ ಸ್ನೇವ್ಲಿ ಇವರು ಆಗ ಮಾಡಿದ ಕಾರ್ಯವು ಚಿಂತನಾರ್ಹವಾದುದು. ಪಂದ್ಯವು ನಡೆದುದು ಶನಿವಾರ. ಸೋಮವಾರ ಅವರ ಕಡೆಯಿಂದ ಡಾರ್ಟ್‌ಮತ್ ಕಾಲೇಜಿಗೆ ತಂತಿಯು ಹೋಯಿತು. ಗೆಲವನ್ನು ತಾವು ಬಿಟ್ಟುಕೊಡುವುದಾಗಿಯೂ, ಅದು ಡಾರ್ಟ್‌ಮತ್‌ಗೆ ಸಲ್ಲತಕ್ಕದ್ದೆಂದೂ ಅದರ ಅಭಿಪ್ರಾಯ. ಡಾರ್ಟ್‌ಮತ್ ಅದನ್ನು ಸ್ವೀಕರಿಸಿತು. ಇಂದಿಗೂ ದಾಖಲೆಯ ಪುಸ್ತಕಗಳಲ್ಲಿ ಆ ಪಂದ್ಯದ ಫಲಿತಾಂಶವು ಡಾರ್ಟ್‌ಮತ್ 3, ಕಾರ್ನೆಲ್ 0 ಎಂದೇ ಇರುವುದು. ಸೋಲರಿಯದ ಕೀರ್ತಿಯು ಒಂದು ತಂತಿಯಿಂದ ಹೋಯಿತು. ಅಗ್ರಸ್ಥಾನದ ಆಸೆಯೂ ಅದರೊಡನೆ ಕುಂದಿತು. ಮುಂದಿನ ವಾರ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದೆದುರು 22ಕ್ಕೆ 20 ಅಂಕಗಳಿಂದ ಕಾರ್ನೆಲ್ ಮತ್ತೆ ಸೋತಿತು. ಒಳ್ಳೆಯದನ್ನು ಮಾಡಿದವರಿಗೆ ಕೂಡಲೆ ಒಳ್ಳೆಯದಾಗುವುದೆಂಬ ಬಾಲಬೋಧೆಯ ಕಥೆ ಇದಲ್ಲ. ಫಲವನ್ನು ಎಣಿಸದೆ ಮಾಡಿದುದರಿಂದಲೇ ಆ ಕಾರ್ಯಕ್ಕೆ ಬೆಲೆ ಬಂದಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಬೆವರು ಸುರಿಸಿ ಆಡಿದವರು ತರುಣರು. ಗೆಲವನ್ನು ಬಿಟ್ಟುಕೊಟ್ಟವರು ಹಿರಿಯರು. ಅನ್ಯರ ಶ್ರಮದ ಫಲವನ್ನು ದಾನ ಮಾಡಲು ಹಿರಿಯರಿಗೆ ಅಧಿಕಾರವೆಲ್ಲಿಯದು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಉತ್ತರವು ಮಾರಯ್ಯನವರ ಪ್ರಸಂಗದಲ್ಲಿಯೇ ಉಂಟು. ಹೆಚ್ಚಿನ ಅಕ್ಕಿಯನ್ನು ಆಯುವಾಗಲೂ ಮಾರಯ್ಯನವರ ಬೆನ್ನು ಬಾಗಿತ್ತು, ಬೆರಳು ನೊಂದಿತ್ತು. ಶ್ರಮವಿತ್ತೆಂಬುದನ್ನು ಲಕ್ಕಮ್ಮನವರು ಅಲ್ಲಗಳೆಯಲಿಲ್ಲ. ಶ್ರಮದಿಂದ ಬಂದುದೆಲ್ಲವೂ ಕಾಯಕದಿಂದ ಬಂದುದಾಗದು ಎಂಬುದೇ ಅವರ ಬೋಧೆಯ ಮರ್ಮ. ಕಾಯಕಕ್ಕೆ ಅಳತೆಯುಂಟು, ಎಲ್ಲೆಯುಂಟು. ಆ ಎಲ್ಲೆಯೊಳಗಿನ ಶ್ರಮವು ಪೂಜೆ, ಹೊರಗಿನ ಶ್ರಮವು ದುರಾಸೆ. ನಾಲ್ಕು ಸರದಿಗಳ ಶ್ರಮವು ಕಾರ್ನೆಲ್ ತರುಣರ ಸ್ವತ್ತು. ಅದನ್ನು ಯಾರೂ ದಾನ ಮಾಡಲಿಲ್ಲ. ಐದನೆಯ ಸರದಿಯು ಅವರದಾಗಿರಲೇ ಇಲ್ಲ. ಅನ್ಯರದನ್ನು ಅನ್ಯರಿಗೆ ಒಪ್ಪಿಸುವುದು ದಾನವಲ್ಲ, ಋಣವಿಮೋಚನೆ. ಆದುದರಿಂದ ಆ ಹಿರಿಯರು ತಮ್ಮ ಮಕ್ಕಳ ಗೆಲವನ್ನು ಕಳೆದವರಲ್ಲ. ಮಕ್ಕಳ ತಲೆಯ ಮೇಲೆ ಕುಳಿತಿದ್ದ ಋಣವನ್ನು ಇಳಿಸಿದವರು.

ತೀರ್ಪುಗಾರನ ನಡೆಯೂ ಸ್ಮರಣೀಯವೇ. ಸಾವಿರಾರು ಕಣ್ಣುಗಳ ಎದುರಿಗೆ ತಪ್ಪಿದವನು ಸಾಮಾನ್ಯವಾಗಿ ಒಂದು ನೆವವನ್ನು ಹುಡುಕುವನು. ಸಹಾಯಕರ ಮೇಲೆ ಹೊರಿಸುವನು, ಗದ್ದಲದ ಮೇಲೆ ಹೊರಿಸುವನು. ಫ್ರೀಸೆಲ್ ಹಾಗೆ ಮಾಡದೆ ಹೊಣೆಯನ್ನು ತನ್ನ ಹೆಗಲಿನ ಮೇಲೆಯೇ ಇರಿಸಿಕೊಂಡನು. ತಾನು ಎಲ್ಲರಿಗಿಂತ ಕಿರಿಯನೆಂಬ ವಿನಯವೇ ಭೃತ್ಯಾಚಾರ. ಅಧಿಕಾರದಲ್ಲಿರುವವನಿಗೆ ಈ ಆಚಾರವು ಎಲ್ಲದಕ್ಕಿಂತ ಕಠಿಣವಾದುದು. ತಪ್ಪನ್ನು ಒಪ್ಪಿಕೊಂಡ ತೀರ್ಪುಗಾರನನ್ನು ನಿಂದಿಸುವುದರಿಂದ ಯಾರಿಗೂ ಲಾಭವಿಲ್ಲ. ಅವನನ್ನು ಗೌರವಿಸಿದರೆ ಮುಂದಿನವನಿಗೆ ಒಪ್ಪಿಕೊಳ್ಳುವ ಧೈರ್ಯ ಬರುವುದು.

ಎರಡನೆಯ ಪಂದ್ಯವು ಅರ್ಧಶತಮಾನದ ಅನಂತರ ನಡೆಯಿತು. 1990ನೆಯ ಇಸವಿ ಅಕ್ಟೋಬರ್ 6ರಂದು ಮಿಸ್ಸೂರಿ ಪ್ರಾಂತದ ಕೊಲಂಬಿಯ ನಗರದಲ್ಲಿ ಮಿಸ್ಸೂರಿ ಮತ್ತು ಕೊಲರಾಡೊ ವಿಶ್ವವಿದ್ಯಾಲಯಗಳು ಎದುರುಬದುರಾದುವು. ಕೊನೆಯ ಗಳಿಗೆಯಲ್ಲಿ ಮಿಸ್ಸೂರಿಗೆ 31, ಕೊಲರಾಡೊಗೆ 27. ಗಡಿಯ ಸಮೀಪದಲ್ಲಿ ಸರದಿಯನ್ನು ತೋರಿಸುವ ಫಲಕವನ್ನು ಒಮ್ಮೆ ಬದಲಿಸಲು ಮರೆತುದರಿಂದ ಇಲ್ಲಿಯೂ ಐದನೆಯ ಸರದಿಯು ಒದಗಿತು. ಅದರಲ್ಲಿಯೇ ಕೊಲರಾಡೊ ಗಡಿಯನ್ನು ದಾಟಿ 33ಕ್ಕೆ 31 ಅಂಕಗಳಿಂದ ಗೆದ್ದಿತು. ತೀರ್ಪುಗಾರರ ತಂಡವು ಕೆಲಸದಿಂದ ಅಮಾನತ್ತುಗೊಂಡಿತು. ಆದರೆ ನಿಯಮದಂತೆ ಫಲಿತಾಂಶವು ಬದಲಾಗಲಿಲ್ಲ. ಗೆದ್ದವರೂ ಅದನ್ನು ಬಿಟ್ಟುಕೊಡಲಿಲ್ಲ. ಆ ವರ್ಷದ ಕೊನೆಯಲ್ಲಿ ಪತ್ರಕರ್ತರ ಮತಗಣನೆಯಂತೆ ಕೊಲರಾಡೊ ಪಕ್ಷವೇ ರಾಷ್ಟ್ರದ ಅಗ್ರಸ್ಥಾನವನ್ನು ಪಡೆಯಿತು.

ಇಲ್ಲಿ ಆ ತರುಣರ ಮೇಲೆ ಮೋಸದ ಆರೋಪವನ್ನು ಹೊರಿಸುವುದು ನ್ಯಾಯವಲ್ಲ. ಅವರು ಫಲಕವನ್ನು ನಂಬಿ ಆಡಿದರು. ನಾಲ್ಕನೆಯದೇ ಕೊನೆಯ ಸರದಿಯೆಂದು ತಿಳಿದಿದ್ದರೆ ಅದರಲ್ಲಿ ಬೇರೆ ಬಗೆಯಾಗಿ ಆಡುತ್ತಿದ್ದರೆಂಬುದೂ ಸತ್ಯ. ಗಡಿಯಾರವನ್ನು ನಿಲ್ಲಿಸುವುದಕ್ಕಾಗಿ ಆ ಸರದಿಯಲ್ಲಿ ಅವರು ಚೆಂಡನ್ನು ಬೇಕೆಂದೇ ನೆಲಕ್ಕೆ ಎಸೆದಿದ್ದರು. ಅವರ ತರಬೇತುದಾರರಾದ ಬಿಲ್ ಮೆಕಾರ್ಟ್ನಿಯವರು ಯೌವನದಲ್ಲಿ ಮಿಸ್ಸೂರಿ ಪಕ್ಷದಲ್ಲಿಯೇ ಆಡಿದವರು; ದೈವಭಕ್ತರೆಂದು ಖ್ಯಾತರಾದವರು. ಅವರು ಅಂದು ಬಯಲಿನ ನೆಲವು ಕಾಲು ಜಾರುವಂತಿತ್ತೆಂದು ದೂರಿದರು. ಆದರೆ ಅನಂತರದ ವರ್ಷಗಳಲ್ಲಿ ಆ ಪ್ರಸಂಗದಲ್ಲಿ ತಾವು ನಡೆದುಕೊಂಡ ಬಗೆಗೆ ಪಶ್ಚಾತ್ತಾಪವನ್ನು ಸೂಚಿಸಿದರು. ಇದರಿಂದ ತಿಳಿಯತಕ್ಕದ್ದು ಇಷ್ಟೆ: ಹೆಚ್ಚಿಗೆ ಬಂದುದನ್ನು ಇರಿಸಿಕೊಂಡವನಿಗೆ ಲೋಕವು ಕಿರೀಟವನ್ನೇ ತೊಡಿಸಿದರೂ, ಅಂತರಂಗದ ಎಣಿಕೆಯು ನಿಲ್ಲುವುದಿಲ್ಲ. ಹೊರಗಿನ ತೀರ್ಪುಗಾರನು ಎಣಿಕೆಯಲ್ಲಿ ತಪ್ಪಬಹುದು. ಒಳಗೆ ಕುಳಿತ ಸಾಕ್ಷಿಯು ತಪ್ಪುವುದಿಲ್ಲ.

ಈವರೆಗೆ ತಪ್ಪಿನಿಂದ ಲಾಭ ಪಡೆದವರ ವಿಚಾರವಾಯಿತು. ನಷ್ಟಗೊಂಡವರ ಧರ್ಮವೇನು? ಷಟ್‌ಸ್ಥಲದ ಕ್ರಮವು ಇಲ್ಲಿ ದಾರಿಯನ್ನು ತೋರುವುದು. ಪರಧನವನ್ನು ಮುಟ್ಟೆನೆಂಬ ನಿಷ್ಠೆಯು ಮಹೇಶಸ್ಥಲದ ಲಕ್ಷಣ. ಅದು ಗೆದ್ದವನಿಗೆ ಬೇಕಾದುದು. ಬಂದುದೆಲ್ಲವನ್ನು ಪ್ರಸಾದವೆಂದು ಸಮಚಿತ್ತದಿಂದ ಕೈಕೊಳ್ಳುವುದು ಪ್ರಸಾದಿಸ್ಥಲದ ಲಕ್ಷಣ. ಅದು ಸೋತವನಿಗೆ ಬೇಕಾದುದು. ಪ್ರಸಾದವನ್ನು ಕೈಕೊಳ್ಳುವವನು ಸಿಹಿಯನ್ನು ಆರಿಸಿಕೊಂಡು ಕಹಿಯನ್ನು ಎಸೆಯುವುದಿಲ್ಲ. ಹಾಗೆಯೇ ತೀರ್ಪುಗಾರನ ತಪ್ಪುಗಳಲ್ಲಿ ತನಗೆ ಅನುಕೂಲವಾದುದನ್ನು ಅದೃಷ್ಟವೆಂದು ಸ್ವೀಕರಿಸಿ, ಪ್ರತಿಕೂಲವಾದುದನ್ನು ಅನ್ಯಾಯವೆಂದು ಕೂಗುವವನಿಗೆ ಸಮಚಿತ್ತವೆಂಬುದು ಇನ್ನೂ ದೂರವೇ.

ಹಾಗಾದರೆ ಅನ್ಯಾಯವನ್ನು ಕಂಡು ಬಾಯಿಮುಚ್ಚಿಕೊಂಡಿರಬೇಕೆ? ಗಣಾಚಾರವು ಹಾಗೆ ಹೇಳುವುದಿಲ್ಲ. ತಪ್ಪು ನಡೆದಾಗ ನಾಯಕನ ಮೂಲಕ, ಕ್ರಮವರಿತು, ವಿನಯದಿಂದ ಪ್ರಶ್ನಿಸುವುದು ಆಟಗಾರನ ಹಕ್ಕೂ ಹೌದು, ಕರ್ತವ್ಯವೂ ಹೌದು. ಆದರೆ ಪ್ರಶ್ನೆಗೆ ಉತ್ತರ ಬಂದ ಮೇಲೆ, ಅದು ಹಿತವಾಗಲಿ ಅಹಿತವಾಗಲಿ, ಮುಂದಿನ ಸರದಿಗೆ ಸಿದ್ಧನಾಗುವುದೇ ಅವನ ಕಾಯಕ. ನಿಂದೆಯ ನುಡಿ, ಎತ್ತಿದ ಕೈ, ಬಯಲಿಗೆ ನುಗ್ಗುವ ಗುಂಪು ಇವು ಕಳೆದುಹೋದ ಒಂದಂಕವನ್ನೂ ಮರಳಿ ತಾರವು. ಕೋಪವು ಎದುರಾಳಿಯನ್ನು ಮುಟ್ಟುವ ಮೊದಲು ಕೋಪಿಸಿಕೊಂಡವನ ಆಟವನ್ನೇ ಕೆಡಿಸುವುದು. ಸೋಲು ಒಂದು ದಿನದ್ದು. ಸೋಲಿನ ಹಗೆಯನ್ನು ಹೊತ್ತು ತಿರುಗಿದರೆ ಅದು ಬಾಳಿನುದ್ದಕ್ಕೂ ಇರುವುದು.

ಇಂದಿನ ಕಾಲದಲ್ಲಿ ಯಂತ್ರಗಳು ಬಂದಿವೆ, ಇನ್ನು ಇಂಥ ತಪ್ಪುಗಳಿಗೆ ಎಡೆಯಿಲ್ಲ ಎಂದು ಕೆಲವರು ಭಾವಿಸಬಹುದು. ಅಮೆರಿಕದ ಕಾಲೇಜು ಪಂದ್ಯಗಳಲ್ಲಿ 2004ರಲ್ಲಿ ಬಿಗ್ ಟೆನ್ ಎಂಬ ಒಕ್ಕೂಟವು ಚಿತ್ರಗಳನ್ನು ಮತ್ತೆ ನೋಡಿ ತೀರ್ಪನ್ನು ತಿದ್ದುವ ಪದ್ಧತಿಯನ್ನು ಪ್ರಯೋಗವಾಗಿ ಆರಂಭಿಸಿತು. ಅನಂತರ ಅದು ಎಲ್ಲೆಡೆ ಹರಡಿತು. ಆದರೂ 2015ರ ಅಕ್ಟೋಬರ್ 31ರಂದು ಡ್ಯೂಕ್ ಮತ್ತು ಮಯಾಮಿ ವಿಶ್ವವಿದ್ಯಾಲಯಗಳ ಪಂದ್ಯದಲ್ಲಿ, ಕೊನೆಯ ಗಳಿಗೆಯ ಓಟವೊಂದನ್ನು ದೀರ್ಘಕಾಲ ಪರಿಶೀಲಿಸಿಯೂ ತೀರ್ಪುಗಾರರು ತಪ್ಪಿದರು. ಮಯಾಮಿಯು 30ಕ್ಕೆ 27ರಿಂದ ಗೆದ್ದಿತು. ತೀರ್ಪುಗಾರರನ್ನು ಎರಡು ಪಂದ್ಯಗಳ ಮಟ್ಟಿಗೆ ಅಮಾನತ್ತು ಮಾಡಲಾಯಿತು. ಫಲಿತಾಂಶವು ಹಾಗೆಯೇ ಉಳಿಯಿತು. ಯಂತ್ರವು ಕಣ್ಣಿಗೆ ನೆರವಾಗಬಲ್ಲುದು. ಮನಸ್ಸಿನ ಕೆಲಸವನ್ನು ಅದು ಮಾಡಲಾರದು. 1940ರಲ್ಲಿ ಸಹ ಚಲನಚಿತ್ರವು ಐದು ಸರದಿಗಳನ್ನು ತೋರಿಸಿತೇ ಹೊರತು ತಂತಿಯನ್ನು ಕಳುಹಿಸಲಿಲ್ಲ. ಕಳುಹಿಸಿದವರು ಮನುಷ್ಯರು.

ಪಾಠವನ್ನು ಹೇಳುವ ಗುರುಗಳೂ, ಮಕ್ಕಳನ್ನು ಬೆಳೆಸುವ ತಾಯಿತಂದೆಗಳೂ ಮನನ ಮಾಡತಕ್ಕ ವಿಷಯವಿದು. ಮಾರಯ್ಯನವರಂಥ ಮಹಾಶರಣರಿಗೂ ಒಂದು ದಿನ ಲಕ್ಕಮ್ಮನವರ ಎಚ್ಚರಿಕೆಯು ಬೇಕಾಯಿತು. ಅಂದಮೇಲೆ ಇಪ್ಪತ್ತರ ಹರೆಯದ ಹುಡುಗರಿಗೆ ಬೇಡವೆ? ಗೆದ್ದು ಬಂದ ಮಗುವನ್ನು "ಎಷ್ಟು ಅಂಕ ಗಳಿಸಿದೆ?" ಎಂದು ಕೇಳುವವರು ಮನೆಮನೆಯಲ್ಲಿಯೂ ಇರುವರು. "ಗಳಿಸಿದುದೆಲ್ಲ ನಿನ್ನದೇ ತಾನೆ?" ಎಂದು ಕೇಳುವವರೊಬ್ಬರು ಮನೆಯಲ್ಲಿದ್ದರೆ ಆ ಮನೆಯು ಮಹಾಮನೆಯಾಗುವುದು. ಪರೀಕ್ಷೆಯಲ್ಲಿ ಉಪಾಧ್ಯಾಯರ ಕೂಡುವ ತಪ್ಪಿನಿಂದ ಐದಂಕ ಹೆಚ್ಚಿಗೆ ಬಂದಾಗ, ಅಂಗಡಿಯವನು ಚಿಲ್ಲರೆಯನ್ನು ಹೆಚ್ಚು ಕೊಟ್ಟಾಗ, ಕಬಡ್ಡಿಯ ಅಂಕಣದಲ್ಲಿ ಎದುರಾಳಿಯ ಕೈ ತನಗೆ ತಗುಲಿದುದನ್ನು ತೀರ್ಪುಗಾರನು ಕಾಣದೆಹೋದಾಗ, ಆ ಮಗುವಿಗೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯುವುದು.

ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ನಿಟ್ಟಿಸುವವನು ಆ ಅಂಗೈಯಲ್ಲಿ ಅನ್ಯರ ವಸ್ತುವನ್ನು ಇರಿಸಿಕೊಳ್ಳಲಾಗದು. ಅಂಗೈ ಬರಿದಾಗಿರಬೇಕು, ಶುಚಿಯಾಗಿರಬೇಕು. ತನ್ನದಲ್ಲದ ಗೆಲವನ್ನು ಹಿಂದಿರುಗಿಸಿದವನ ಕೈಯೂ, ತನಗೆ ಬಂದ ಸೋಲನ್ನು ಶಾಂತಚಿತ್ತದಿಂದ ಕೈಕೊಂಡವನ ಕೈಯೂ ಅಂಥವು. ಅಂಥ ಕೈಗಳು ಎಲ್ಲ ದೇಶಗಳಲ್ಲಿಯೂ, ಎಲ್ಲ ಬಯಲುಗಳಲ್ಲಿಯೂ ಹೆಚ್ಚಲಿ.